ಶರಾವತಿಯ ತಳದಲ್ಲಿ ಒಂದು ಹಗಲು

ಜೋಗವನ್ನು ನೋಡದ ಕನ್ನಡ ಕುಟುಂಬ ವಿರಳವೆಂದೇ ಹೇಳಬೇಕು. ರಾಜ, ರಾಣಿ, ರೋರರ್, ರಾಕೆಟ್ ಎಂದು ಮಕ್ಕಳಿಗೆ ನಾಲ್ಕು ಕವಲುಗಳ ಹೆಸರು ಹೇಳಿಕೊಟ್ಟು, 253 ಮೀಟರಿನ ಆ ಪ್ರಪಾತವನ್ನು ಕಂಬಿಯ ಆಚೆಯಿಂದ ಇಣುಕಿ ನೋಡಿ, ಸಂಜೆಯ ಬಸ್ಸಿಗೆ ಹಿಂದಿರುಗುವುದು ನಮ್ಮೆಲ್ಲರ ವಾಡಿಕೆ. ಆದರೆ ಅದೇ ಹೊಳೆಯ ಮೇಲ್ಭಾಗದಲ್ಲಿ, ಲಿಂಗನಮಕ್ಕಿಯ ಹಿನ್ನೀರಿನ ಅಡಿಯಲ್ಲಿ, ಇನ್ನೊಂದು ಅಣೆಕಟ್ಟು ಇಡಿಯಾಗಿ ಮುಳುಗಿದೆಯೆಂದೂ ಮಳೆ ತಡವಾದ ವರ್ಷಗಳಲ್ಲಿ ಅದು ನೀರಿನಿಂದ ತಲೆಯೆತ್ತುವುದೆಂದೂ ಬಲ್ಲವರು ಅಷ್ಟಾಗಿ ಇಲ್ಲ.

ಅದರ ಹೆಸರು ಹಿರೇಭಾಸ್ಕರ ಅಣೆಕಟ್ಟು, ಸ್ಥಳ ಮಡೆನೂರು. ಜೋಗದ ವಿದ್ಯುದಾಗಾರಕ್ಕೆ ಬೇಸಿಗೆಯಲ್ಲಿಯೂ ನೀರು ಒದಗಲೆಂದು ಮೈಸೂರು ಸಂಸ್ಥಾನದ ಕಾಲದಲ್ಲಿ ಕೈಗೊಂಡ ಕಾರ್ಯವದು. 1948ರ ಹೊತ್ತಿಗೆ ಪೂರ್ಣಗೊಂಡಿತು. ಹದಿನಾರೇ ವರ್ಷಗಳಲ್ಲಿ, 1964ರಲ್ಲಿ, ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಎದ್ದಿತು. ಮುನ್ನೂರು ಚದರ ಕಿಲೋಮೀಟರಿಗೂ ಮಿಗಿಲಾದ ಆ ಜಲರಾಶಿಯಲ್ಲಿ ಹಳೆಯ ಅಣೆಕಟ್ಟು, ಅದರ ಸುತ್ತಲಿನ ಊರು, ಗದ್ದೆ, ತೋಟ, ಗುಡಿ ಎಲ್ಲವೂ ಅಡಗಿದವು.

2023ರಲ್ಲಿ ಮುಂಗಾರು ತಡವಾಯಿತು. ಜೂನ್ ತಿಂಗಳಿನಲ್ಲಿ ನಾನು, ನನ್ನ ಪತ್ನಿ, ಕಾಲೇಜಿನಲ್ಲಿ ಓದುವ ಮಗಳು, ಮೂವರೂ ಸಾಗರದಿಂದ ಹೊಳೆಬಾಗಿಲಿನ ದಾರಿ ಹಿಡಿದೆವು. ದಡದ ಚಹದಂಗಡಿಯಲ್ಲಿ ಒಡ್ಡಿಗೆ ಹೋಗುವ ಹಾದಿಯನ್ನು ವಿಚಾರಿಸುತ್ತಿದ್ದಾಗ ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎದ್ದು ಬಂದರು. ಎಪ್ಪತ್ತು ದಾಟಿದ ಪ್ರಾಯ, ತೆಳ್ಳನೆಯ ಆಳು, ಕೈಯಲ್ಲಿ ತಮಗಿಂತ ಎತ್ತರದ ಬಿದಿರು ಕೋಲು.

"ನೀವೇ ಹೋದ್ರೆ ಹುಗಿದುಹೋಗ್ತೀರಿ ಮಾರಾಯ್ರೆ. ನಾನೂ ಆ ಕಡೆಗೇ ಹೊರಟಿದ್ದೆ, ಬನ್ನಿ," ಎಂದರು.

ಹೊಳೆಯ ತಳದಲ್ಲಿ ನಡೆಯುವ ಅನುಭವವನ್ನು ಹೇಗೆ ಬಣ್ಣಿಸಲಿ? ಹಸುರಿಲ್ಲ, ನೆರಳಿಲ್ಲ. ಬಿರಿದ ಕೆಮ್ಮಣ್ಣಿನ ಬಯಲು ಕಣ್ಣು ಹರಿಯುವಷ್ಟು ದೂರ. ಆರು ದಶಕಗಳ ಹಿಂದೆ ಮುಳುಗಿದ ಮರಗಳ ಬೊಡ್ಡೆಗಳು ಇನ್ನೂ ಕೊಳೆಯದೆ, ಇದ್ದಿಲಿನಂತೆ ಕಪ್ಪಾಗಿ ನಿಂತಿವೆ. ನಡುವೆ ಥಟ್ಟನೆ ಒಂದು ರಸ್ತೆ ಕಾಣುತ್ತದೆ. ಅದಕ್ಕೊಂದು ಮೋರಿಯೂ ಇದೆ. ನೂರು ಮಾರು ಹೋಗಿ ಅದು ನೀರಿನೊಳಕ್ಕೆ ಇಳಿದು ಮಾಯವಾಗುತ್ತದೆ.

ಒಂದೆಡೆ ಮೇಲ್ಪದರ ಒಣಗಿದ್ದರೂ ಅಡಿಯಲ್ಲಿ ಹಸಿ ಹೂಳಿತ್ತು. ಮಗಳ ಕಾಲು ಮೊಣಕಾಲಿನವರೆಗೆ ಇಳಿದೇ ಬಿಟ್ಟಿತು. ಗಾಬರಿಯಿಂದ ಆಕೆ ಕಾಲು ಕೀಳಲು ಹೆಣಗಿದಷ್ಟೂ ಮತ್ತಷ್ಟು ಇಳಿಯಿತು. "ತಂಗೀ, ಅಲುಗಬೇಡ. ಕೂತ್ಕೊ, ಹಿಂದಕ್ಕೆ ಒರಗು," ಎಂದು ಹಿರಿಯರು ಕೋಲನ್ನು ಅಡ್ಡಲಾಗಿ ಮಲಗಿಸಿ, ಅದರ ಮೇಲೆ ಆಕೆಯ ಭಾರ ಹಾಕಿಸಿ, ಮೆಲ್ಲನೆ ಎಳೆದು ತೆಗೆದರು. ಚಪ್ಪಲಿ ಮಾತ್ರ ಶರಾವತಿಗೆ ಅರ್ಪಣವಾಯಿತು. ಅಲ್ಲಿಂದ ಮುಂದೆ ಅವರು ಕೋಲೂರಿದ ಜಾಗದಲ್ಲಿಯೇ ನಾವು ಹೆಜ್ಜೆಯಿಟ್ಟೆವು.

ಅಣೆಕಟ್ಟು ಕಂಡೊಡನೆ ದಣಿವು ಮರೆಯಿತು. ಅರವತ್ತು ವರ್ಷ ನೀರಿನಲ್ಲಿದ್ದೂ ಗೋಡೆ ಬಾಗಿಲ್ಲ. ಇದರ ವಿಶೇಷವೆಂದರೆ ಸೈಫನ್‌ಗಳು. ಮೈಸೂರಿನ ಎಂಜಿನಿಯರ್ ವಿ. ಗಣೇಶ ಅಯ್ಯರ್ ಅವರು ರೂಪಿಸಿದ ಉಪಾಯವದು. ನಿಲ್ಲಿಸಿದ ದೊಡ್ಡದೊಂದು ಆಲಿಕೆ, ಅದರ ಮೇಲೊಂದು ಗುಮ್ಮಟದ ಮುಚ್ಚಳ ಎಂದು ಭಾವಿಸಿಕೊಳ್ಳಿ. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಆಲಿಕೆಯ ಅಂಚನ್ನು ದಾಟಿ ಸುರುಳಿ ಸುತ್ತುತ್ತ ಇಳಿಯುತ್ತದೆ. ಇಳಿಯುವಾಗ ಒಳಗಿನ ಗಾಳಿಯನ್ನೂ ಸೆಳೆದೊಯ್ಯುತ್ತದೆ. ಗಾಳಿ ಬರಿದಾಗುತ್ತಲೇ ಕೊಳವೆ ತುಂಬಿ ಭೋರ್ಗರೆಯುತ್ತದೆ. ಮಟ್ಟ ಇಳಿದಾಗ ಗಾಳಿ ಮತ್ತೆ ಒಳನುಗ್ಗಿ ಹರಿವು ತಾನಾಗಿ ನಿಲ್ಲುತ್ತದೆ. ಬಾಗಿಲೆತ್ತಲು ಆಳು ಬೇಡ, ಯಂತ್ರ ಬೇಡ. ನಮ್ಮವರ ಇಂತಹ ಜಾಣ್ಮೆಯನ್ನು ಶಾಲೆಯ ಪುಸ್ತಕಗಳು ಏಕೆ ಹೇಳುವುದಿಲ್ಲವೋ ತಿಳಿಯದು.

ನಾವು ಗುಮ್ಮಟಗಳ ನಡುವೆ ಅಡ್ಡಾಡುತ್ತಿರುವಾಗ ಹಿರಿಯರು ಅತ್ತ ತಿರುಗಿಯೂ ನೋಡಲಿಲ್ಲ. ಅವರ ಗುರಿ ಬೇರೆಯಿತ್ತು. ಕಾಲು ಮೈಲಿಯಾಚೆಯ ಒಂದು ದಿಬ್ಬಕ್ಕೆ ಕರೆದೊಯ್ದರು. ಅಲ್ಲಿ ಒಂದು ಹೊಸ್ತಿಲ ಕಲ್ಲು, ಅರ್ಧ ಹೂತ ಒರಳು, ಹೂಳು ತುಂಬಿ ಬಾಯಿ ಮುಚ್ಚಿದ ಬಾವಿ.

"ಇದು ದಣಪೆ. ಇಲ್ಲಿಂದ ಒಳಗೆ ಅಂಗಳ. ತುಳಸಿಕಟ್ಟೆ ಇಲ್ಲಿತ್ತು. ನಾನು ಹುಟ್ಟಿದ್ದು ಈ ಮನೇಲಿ," ಎಂದರು. ಅವರ ಅಜ್ಜನ ಮನೆ ಇನ್ನೂ ಕೆಳಗಿತ್ತಂತೆ. ಅದು ಹಿರೇಭಾಸ್ಕರಕ್ಕೆ ಹೋಯಿತು. ತಂದೆ ಮೇಲೆ ಬಂದು ಕಟ್ಟಿದ ಈ ಮನೆ ಲಿಂಗನಮಕ್ಕಿಗೆ ಹೋಯಿತು. ಆಗ ಇವರಿಗೆ ಹದಿನಾಲ್ಕು ವರ್ಷ. ದನಗಳನ್ನು ಬಿಟ್ಟು, ಹೆಂಚು ಇಳಿಸಿ, ಗಾಡಿಯೇರಿದ ದಿನ ಅಡಿಕೆ ಮರಗಳಲ್ಲಿ ಕಾಯಿ ಇನ್ನೂ ಹಸಿರಾಗಿತ್ತಂತೆ.

ನಾಡಿನ ಮನೆಗಳಲ್ಲಿ ದೀಪ ಹೊತ್ತಿತು, ನಿಜ. ಶರಾವತಿ ಕಣಿವೆಯಿಂದ ಹೊರಟವರಿಗೆ ಕಾಡಿನಂಚಿನಲ್ಲಿ ತೋರಿಸಿದ ಭೂಮಿ ಎಷ್ಟೋ ಕಡೆ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು; ಹಕ್ಕುಪತ್ರದ ಪ್ರಶ್ನೆ ಅರವತ್ತು ವರ್ಷಗಳಾದರೂ ಬಗೆಹರಿದಿಲ್ಲ. ಸಾಗರದವರೇ ಆಗಿದ್ದ ನಾ. ಡಿ'ಸೋಜ ಅವರು ಈ ಜನರ ಪಾಡನ್ನು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಚಿತ್ರಿಸಿದ್ದಾರೆ. ಮನೆಯಲ್ಲಿ ಕುಳಿತು ಓದುವುದು ಬೇರೆ. ಹೊಸ್ತಿಲಿನ ಮೇಲಿನ ಕೆಸರನ್ನು ಆ ಮನೆಯವರೇ ಪಂಚೆಯ ಸೆರಗಿನಿಂದ ಒರೆಸುವುದನ್ನು ನೋಡುವುದು ಬೇರೆ.

ಅಷ್ಟರಲ್ಲಿ ನೈಋತ್ಯದಲ್ಲಿ ಮೋಡ ಕಪ್ಪಿಟ್ಟಿತು. ಬಯಲಿನ ಮೇಲೆ ಧೂಳೆದ್ದಿತು. ಗುಡುಗು ಕೇಳಿದೊಡನೆ ಹಿರಿಯರ ನಡೆಯೇ ಬದಲಾಯಿತು. "ಬೊಡ್ಡೆ ಹತ್ರ ನಿಲ್ಲಬೇಡಿ, ಸಿಡಿಲು ಅಲ್ಲೇ ಬೀಳೋದು," ಎನ್ನುತ್ತ ತಗ್ಗಿನ ದಾರಿ ಹಿಡಿದು ಓಡಿಸಿದರು. ಬರುವಾಗ ಒಣಗಿದ್ದ ಹಳ್ಳದಲ್ಲಿ ಆಗಲೇ ಕೆಂಪು ನೀರು ಹೊರಳುತ್ತಿತ್ತು. ನಾಲ್ವರೂ ಕೋಲನ್ನು ಹಿಡಿದು ಸಾಲಾಗಿ ದಾಟಿದೆವು; ನೀರು ತೊಡೆಯವರೆಗೆ ಬಂದಿತ್ತು. ನನ್ನ ಪತ್ನಿ ಅಂದು ಎಷ್ಟು ದೇವರಿಗೆ ಹರಕೆ ಹೊತ್ತಳೆಂಬುದು ಬೆಂಗಳೂರು ಸೇರಿದ ಮೇಲೆ ಒಂದೊಂದಾಗಿ ತಿಳಿಯಿತು.

ದಡದ ಮೇಲಿನ ಅವರ ಮನೆಗೆ ಹೋದಾಗ ಮನೆಯಾಕೆ ಯಾರು, ಎತ್ತ ಎಂದು ಕೇಳದೆ ಮೊದಲು ಒಣಬಟ್ಟೆ ತಂದಿತ್ತರು. "ಆಸರಿಗೆ ಏನು ಕೊಡ್ಲಿ?" ಎಂಬ ಮಲೆನಾಡಿನ ಆ ಮಾತು ಅಂದು ಕಿವಿಗೆ ಎಷ್ಟು ಹಿತವಾಗಿತ್ತು! ಬಿಸಿ ಅನ್ನ, ಅಪ್ಪೆಹುಳಿ, ಸುಟ್ಟ ಹಪ್ಪಳ. ಮಗಳು ಮೂರು ಸಲ ಬಡಿಸಿಕೊಂಡಳು.

ಹೊರಡುವಾಗ ನಾನು ಹಣ ಕೊಡಹೋದೆ. ಹಿರಿಯರು ಕೈ ಹಿಂದಕ್ಕೆ ಕಟ್ಟಿಕೊಂಡರು. ಆಮೇಲೆ ಸ್ವಲ್ಪ ಸಂಕೋಚದಿಂದ, "ಹೊಸ್ತಿಲ ಮೇಲೆ ನಿಂತಾಗ ತಂಗಿ ನಂದೊಂದು ಫೋಟೋ ತೆಗೀತಲ್ಲ, ಅದನ್ನು ಕಾಗದದಲ್ಲಿ ಮಾಡಿಸಿ ಕಳಿಸಿ. ಹಿಂದೆ ತಾರೀಖು ಬರೀರಿ. ಆಫೀಸಿನಲ್ಲಿ ನಿಮ್ಮ ಊರು ಎಲ್ಲಿತ್ತು ಅಂತ ಕೇಳ್ತಾರೆ," ಎಂದರು.

ಮಗಳು ಎರಡು ಪ್ರತಿ ಮಾಡಿಸಿ, ತಾರೀಖು ಬರೆದು, ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದಳು. ಅಂದಿನಿಂದ ಆಕೆಗೂ ಅವರಿಗೂ ಫೋನಿನ ಬಳಕೆ ಬೆಳೆದಿದೆ. 2025ರ ಜುಲೈ 14ರಂದು ಅಂಬಾರಗೋಡ್ಲಿಗೂ ಕಳಸವಳ್ಳಿಗೂ ನಡುವೆ ಹಿನ್ನೀರಿನ ಮೇಲಿನ ದೊಡ್ಡ ಸೇತುವೆ ತೆರೆದಾಗ, ಲಾಂಚನ್ನೇ ನಂಬಿದ್ದ ತುಮರಿಯ ಕಡೆಯವರ ಸಂಭ್ರಮವನ್ನು ಅವರೇ ತಿಳಿಸಿದರು. ಮಗಳನ್ನು ಆಚೆ ದಡಕ್ಕೆ ಕೊಟ್ಟಿದ್ದಾರೆ. ಈಗ ಬೇಕೆಂದಾಗ ಹೋಗಿಬರಬಹುದು.

"ಸೇತುವೆ ಮೇಲೆ ನಿಂತು ನೋಡಿದ್ರಾ ಅಜ್ಜಾ, ಮನೆ ಜಾಗ ಗೊತ್ತಾಯ್ತಾ?" ಎಂದು ಮಗಳು ಕೇಳಿದಳಂತೆ.

"ಈಗೆಲ್ಲಿ ತಂಗೀ, ನೀರು ತುಂಬಿದೆ," ಎಂದರಂತೆ. "ಇನ್ನೊಂದು ಸಲ ಇಳಿದಾಗ ಬಾ. ಒರಳು ಅಲ್ಲೇ ಉಳಿದಿದೆ, ಎತ್ತಿಕೊಂಡು ಬರೋಣ."