ಪೋಖರಾ ಡೈರಿ, ಭಾಗ 9: ನೀವು ಯಾವತ್ತು ಹೋಗ್ತೀರಾ?

ಹೋದ ವಾರದ ಬೆಟ್ಟದ ಫೋಟೋ ನೋಡಿ ನಮ್ ಬ್ಯಾಚಿನವ್ರು ಅರ್ಧ ಜನ ಒಂದೇ ಮೆಸೇಜ್ ಹಾಕಿದ್ರಿ: "ಲೈಫ್ ಅಂದ್ರೆ ನಿಂದು ಕಣೇ, ದಿನಾ ಹಾಲಿಡೇ!" ಈಗಿನ್ನೂ ಕಾಲೇಜಲ್ಲಿರೋ ತಂಗಿಯರು ಕೇಳಿದ್ದು ಬೇರೆ: "ಅಕ್ಕಾ, ಎರಡು ಪುಟ್ಟ ಮಕ್ಕಳನ್ನ ಇಟ್ಕೊಂಡು ಗೆಸ್ಟ್ ಹೌಸ್ ಹೇಗೆ ನಡೆಸ್ತೀರಾ?" ಇವತ್ತು ಎರಡನೇ ಪ್ರಶ್ನೆಗೆ ಉತ್ತರ. ಮೊದಲನೇದಕ್ಕೂ ಇದ್ರಲ್ಲೇ ಸಿಗುತ್ತೆ. ಸ್ವಲ್ಪ ಉದ್ದ ಇದೆ, ಟೀ ಇಟ್ಕೊಂಡು ಓದಿ.

ಹೊಸಬರಿಗೆ ಒಂದು ಮಾತು: ನಾವು ಸಾಗರದವರು. ನೇಪಾಳದ ಪೋಖರಾದಲ್ಲಿ, ಫೇವಾ ಸರೋವರದ ಹತ್ತಿರ ಏಳು ರೂಮಿನ ಗೆಸ್ಟ್ ಹೌಸ್ ನಡೆಸ್ತಿದ್ದೀವಿ. ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಗಡಿಯಾರ ಇಲ್ಲಿ ಇಂಡಿಯಾಗಿಂತ 15 ನಿಮಿಷ ಮುಂದೆ. ಊರಲ್ಲಿ ಅಮ್ಮ ಏಳು ಗಂಟೆಗೆ ಕಾಲ್ ಮಾಡಿದ್ರೆ ನಮಗೆ ಏಳೂಕಾಲು. "ನೀವು ಕಾಲು ಗಂಟೆ ಜಾಸ್ತಿ ಕೆಲ್ಸ ಮಾಡ್ತೀರಿ ಅಷ್ಟೇ" ಅಂತ ಅಪ್ಪ ನಗ್ತಾರೆ.

ನಮ್ಮ ದಿನ ಶುರುವಾಗೋದು ನಾಲ್ಕೂವರೆಗೆ. ಕಾರಣ ಮುಕ್ತಿನಾಥ. ನಮ್ಮ ಕಡೆಯಿಂದ ಯಾತ್ರೆಗೆ ಬರೋ ಹಿರಿಯರು ಇಲ್ಲಿ ಒಂದು ರಾತ್ರಿ ಉಳಿದು, ಬೆಳಿಗ್ಗೆ ಪುಟ್ಟ ವಿಮಾನದಲ್ಲಿ ಜೋಮ್‌ಸೋಮ್‌ಗೆ ಹೋಗ್ತಾರೆ. ಇಪ್ಪತ್ತು ನಿಮಿಷದ ದಾರಿ. ಆದ್ರೆ ಹೊತ್ತು ಏರಿದ ಹಾಗೆ ಕಾಳಿ ಗಂಡಕಿ ಕಣಿವೆಯಲ್ಲಿ ಗಾಳಿ ಜೋರಾಗೋದ್ರಿಂದ ವಿಮಾನ ಹಾರೋದು ಬೆಳಿಗ್ಗೆ ಮಾತ್ರ. ಹಾಗಾಗಿ ಐದಕ್ಕೆಲ್ಲ ಉಪ್ಪಿಟ್ಟು, ಕಾಫಿ ರೆಡಿ ಇರಬೇಕು. ಮೋಡ ಕವಿದ್ರೆ ವಿಮಾನ ಕ್ಯಾನ್ಸಲ್, ಹೋದವರೆಲ್ಲ ಒಂಬತ್ತಕ್ಕೆ ವಾಪಸ್. ಅಷ್ಟೊತ್ತಿಗೆ ಅವರ ರೂಮಿಗೆ ಬೇರೆಯವರ ಬುಕಿಂಗ್ ಇರುತ್ತೆ!

ಆಗ ಖಾಲಿ ಆಗೋದು ಯಾವ ರೂಮು ಹೇಳಿ? ನಮ್ದೇ. ಸ್ವೈಪ್ ಮಾಡಿ, ಮೂರನೇ ಫೋಟೋದಲ್ಲಿ ರಿಸೆಪ್ಷನ್ ಹಿಂದೆ ಹಾಸಿರೋ ಹಾಸಿಗೆ ಕಾಣುತ್ತಲ್ಲ, ಸೀಸನ್‌ನಲ್ಲಿ ನಾಲ್ಕೂ ಜನ ಮಲಗ್ತಿದ್ದಿದ್ದು ಅಲ್ಲೇ. ಇಲ್ಲಿ ದುಡಿಮೆ ಅಂದ್ರೆ ಅಕ್ಟೋಬರ್-ನವೆಂಬರ್, ಆಮೇಲೆ ಮಾರ್ಚ್-ಏಪ್ರಿಲ್. ಜೂನ್ ಬಂತೂಂದ್ರೆ ಮಳೆ, ಜಿಗಣೆ, ಬೆಟ್ಟ ಮೋಡದ ಹಿಂದೆ, ರೂಮು ಖಾಲಿ. ನಾಲ್ಕು ತಿಂಗಳ ದುಡ್ಡಲ್ಲಿ ಹನ್ನೆರಡು ತಿಂಗಳು ಬಾಡಿಗೆ ಕಟ್ಟಬೇಕು.

ಸೀಸನ್ ಜೊತೆಗೇ ದಶೈಂ ಬೇರೆ. ಮೈಸೂರಲ್ಲಿ ದಸರಾ ನಡೆಯೋ ಹೊತ್ತಿಗೆ ಇಲ್ಲಿಯವರ ಅತಿ ದೊಡ್ಡ ಹಬ್ಬ ಇದು. ಹಿರಿಯರ ಕೈಯಿಂದ ಹಣೆಗೆ ಅಕ್ಕಿ-ಮೊಸರು-ಕುಂಕುಮದ ಟೀಕಾ ಇಡಿಸ್ಕೊಳ್ಳೋಕೆ ಎಲ್ಲರೂ ಊರಿಗೆ ಹೋಗ್ತಾರೆ. ನಮ್ಮ ಅಡುಗೆಮನೆ ದೀದಿನೂ ಹೋಗ್ತಾರೆ, ಹೋಗ್ಲೇಬೇಕು. ಆ ವಾರ ರೂಮು ತುಂಬಿರುತ್ತೆ, ಇವ್ರು ಬಾತ್ರೂಮ್ ತೊಳೀತಾರೆ, ನಾನು ದಾಲ್-ಭಾತ್ ಬಡಿಸ್ತೀನಿ, ಮಗಳು ತಮ್ಮನ್ನ ನೋಡ್ಕೋತಾಳೆ. ಹಾಲಿಡೇ ಅಂದವ್ರು ಆ ವಾರ ಬನ್ರಪ್ಪಾ, ಒಂದು ಪೊರಕೆ ಎತ್ತಿಟ್ಟಿರ್ತೀನಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ನಮ್ಮ ಮಗಳಿಗೆ ಒಂದು ಅಭ್ಯಾಸ ಇದೆ. ಗೆಸ್ಟ್ ಬಂದು ಬ್ಯಾಗ್ ಇಳಿಸೋ ಮೊದಲೇ ಕೇಳ್ತಾಳೆ: "ನೀವು ಯಾವತ್ತು ಹೋಗ್ತೀರಾ?" ಕನ್ನಡದವರಿಗೆ ಕನ್ನಡದಲ್ಲಿ, ಬೇರೆಯವರಿಗೆ ನೇಪಾಳಿಯಲ್ಲೋ ಹಿಂದಿಯಲ್ಲೋ ಅವಳಿಗೆ ಬಂದಷ್ಟು ಇಂಗ್ಲಿಷಲ್ಲೋ. ಕೆಲವರು ನಗ್ತಾರೆ. ಕೆಲವರ ಮುಖ ಸಣ್ಣಗಾಗುತ್ತೆ, ಈಗಷ್ಟೇ ಬಂದವ್ರನ್ನ ಓಡಿಸ್ತಿದೆಯಲ್ಲ ಈ ಮಗು ಅಂತ. ತುಂಬಾ ದಿನ ನಾನೂ ಅದನ್ನ ತಮಾಷೆ ಅಂದ್ಕೊಂಡಿದ್ದೆ.

ಆಮೇಲೆ ಗಮನಿಸ್ತಾ ಹೋದೆ. "ನಾಳೆ" ಅಂದವರಿಗೆ ನೀರಿನ ಬಾಟಲ್ ಕೊಟ್ಟು ಬರ್ತಾಳೆ ಅಷ್ಟೇ. "ಮೂರು ದಿನ" ಅಂದವರಿಗೆ ತನ್ನ ಬಣ್ಣದ ಪುಸ್ತಕ ತೋರಿಸ್ತಾಳೆ. "ಹತ್ತು ದಿನ" ಅಂದ್ರೆ ಮಾತ್ರ ಪಕ್ಕದಲ್ಲಿ ಕೂತು ತಮ್ಮನ ಗುಟ್ಟು, ಸ್ಕೂಲಿನ ಜಗಳ ಎಲ್ಲಾ ಹೇಳ್ತಾಳೆ. ಯಾರನ್ನ ಎಷ್ಟು ಹಚ್ಕೋಬೇಕು ಅಂತ ಆ ಪುಟ್ಟ ತಲೆ ಲೆಕ್ಕ ಹಾಕ್ತಿತ್ತು ಕಣ್ರೇ. ನೀವೇ ಯೋಚಿಸಿ, ಹುಟ್ಟಿದಾಗಿಂದ ಎಷ್ಟು ಜನ ಅವಳನ್ನ ಎತ್ತಿ ಮುದ್ದಾಡಿ, ಬ್ಯಾಗ್ ಹಾಕ್ಕೊಂಡು ಗೇಟ್ ದಾಟಿ ಹೋಗಿರಬಹುದು?

ಹೋದ ಫೆಬ್ರವರಿಯಲ್ಲಿ ಅಮ್ಮ ಬಂದ್ರು. ಸಾರಿನ ಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ, ಮೊಮ್ಮಕ್ಕಳಿಗೆ ತೊಡದೇವು, ಎಲ್ಲಾ ಹೊತ್ಕೊಂಡು. ಮಗಳು ಓಡಿ ಬಂದು ಅಜ್ಜಿಯ ಸೆರಗು ಹಿಡ್ಕೊಂಡು ಕೇಳಿದ್ದೂ ಅದೇ: "ಅಜ್ಜಿ, ನೀನು ಯಾವತ್ತು ಹೋಗ್ತೀಯಾ?"

ಅಮ್ಮ ಏನೂ ಅನ್ನಲಿಲ್ಲ. ರಾತ್ರಿ ಪಾತ್ರೆ ಒರೆಸ್ತಾ ಮೆಲ್ಲಗೆ ಹೇಳಿದ್ರು: "ಇವಳನ್ನ ಜೂನ್‌ಗೆ ನಮ್ಮ ಹತ್ರ ಬಿಡೇ. ಒಂದನೇ ಕ್ಲಾಸಿಗೆ ಸಾಗರದಲ್ಲೇ ಸೇರಿಸೋಣ. ಕನ್ನಡ ಓದೋಕೆ ಬರೆಯೋಕೆ ಬರುತ್ತೆ. ರಾತ್ರಿ ಮಲಗೋಕೆ ಅವಳದೇ ಅಂತ ಒಂದು ಜಾಗ ಇರುತ್ತೆ."

ಆ ಮಾತು ತಳ್ಳಿ ಹಾಕೋ ಹಾಗಿರಲಿಲ್ಲ. ಮಗಳು ಕನ್ನಡ ಮಾತಾಡ್ತಾಳೆ, ಆದ್ರೆ ಸ್ಕೂಲಲ್ಲಿ ಕಲಿಯೋದು ನೇಪಾಳಿಯ ದೇವನಾಗರಿ ಅಕ್ಷರ. ಅಮ್ಮನ ಕೈಬರಹದ ಪತ್ರ ಓದೋಕೆ ಅವಳಿಗೆ ಬರಲ್ಲ. ಇವ್ರೂ ನಾನೂ ಎಷ್ಟೋ ರಾತ್ರಿ ಇದನ್ನೇ ಮಾತಾಡಿದ್ವಿ. ಕೊನೆಗೆ ನನಗೆ ಅನ್ನಿಸಿದ್ದು ಇದು: ಬರೋರು ಹೋಗೋರು ಅಂತ ಲೋಕವನ್ನ ಎರಡೇ ಭಾಗ ಮಾಡ್ಕೊಂಡಿರೋ ಮಗುವಿನ ಕಣ್ಣಲ್ಲಿ ಅಪ್ಪ-ಅಮ್ಮನೂ "ಹೋಗೋರ" ಪಟ್ಟಿಗೆ ಸೇರಬಾರದು. ಅವಳು ಇಲ್ಲೇ ಇರ್ತಾಳೆ. ಆದ್ರೆ ಅಮ್ಮ ಹೇಳಿದ ಜಾಗ? ಅದನ್ನ ಇಲ್ಲೇ ಮಾಡಬೇಕು.

ಹಾಗಾಗಿ ಈ ಸೀಸನ್‌ನಿಂದ ನಮ್ಮದು ಆರು ರೂಮಿನ ಗೆಸ್ಟ್ ಹೌಸ್. ಮೇಲಿನ ಮಹಡಿಯ ಮೂಲೆ ರೂಮನ್ನ ಬುಕಿಂಗ್‌ನಿಂದ ತೆಗೆದುಬಿಟ್ವಿ. ಲೆಕ್ಕ ಬೇಕಾ? ರಾತ್ರಿಗೆ 2,500 ನೇಪಾಳಿ ರೂಪಾಯಿ. ನಮ್ಮ ಒಂದು ರೂಪಾಯಿಗೆ ಇಲ್ಲಿಯ 1.60, ಅಂದ್ರೆ ಸುಮಾರು 1,560. ಸೀಸನ್‌ನ ಅರವತ್ತು ದಿನ ತುಂಬಿದ್ರೆ ನಮ್ಮ ದುಡ್ಡಲ್ಲಿ 93,000 ದಾಟುತ್ತೆ. ಮಳೆಗಾಲದ ಬಾಡಿಗೆ ಎಲ್ಲಿಂದ ಬರುತ್ತೋ ಇನ್ನೂ ಗೊತ್ತಿಲ್ಲ. ಸಂಜೆ ಹೊತ್ತು ಯಾತ್ರೆಯವರಿಗೆ ಅನ್ನ-ಸಾರು, ಪಲ್ಯ ಅಂತ ಊಟ ಶುರು ಮಾಡಿದ್ದೀವಿ, ನೋಡೋಣ.

ಬಾಗಿಲ ಮೇಲೆ ಮಗಳ ಹೆಸರು ಬರೆದಿದ್ದೀವಿ, ಕನ್ನಡದಲ್ಲಿ. ದಿನಾ ಕಾಲು ಗಂಟೆ ಅಮ್ಮ ವಿಡಿಯೋ ಕಾಲ್‌ನಲ್ಲಿ ಅಕ್ಷರ ಕಲಿಸ್ತಾರೆ. ನಾವು ಮುಂದಿರೋ ಆ 15 ನಿಮಿಷ ಈಗ ಅಜ್ಜಿ-ಮೊಮ್ಮಗಳಿಗೆ ಸೇರಿದ್ದು ಅಂತ ಅಪ್ಪನ ಹೊಸ ಜೋಕ್. ಮಗಳು 'ಳ' ಬರೆಯೋಕೆ ಇನ್ನೂ ಒದ್ದಾಡ್ತಾಳೆ. ವಿಮಾನ ಕ್ಯಾನ್ಸಲ್ ಆಗಿ ಗೆಸ್ಟ್ ವಾಪಸ್ ಬಂದ ದಿನ ಬಾಗಿಲಲ್ಲಿ ನಿಂತು "ಇದು ಕೊಡಲ್ಲ" ಅಂದ್ಲು. ನಾವೂ ಕೊಡಲಿಲ್ಲ. ಅವರಿಗೆ ಪಕ್ಕದ ಬೀದಿಯಲ್ಲಿ ರೂಮು ಹುಡುಕಿ ಕೊಟ್ವಿ.

ಆ ಪ್ರಶ್ನೆ ನಿಂತಿದೆಯಾ ಅಂತ ಕೇಳಬೇಡಿ, ನಿಂತಿಲ್ಲ. ನಿಲ್ಲಿಸು ಅಂತ ನಾವೂ ಹೇಳಲ್ಲ. ಅದಕ್ಕೇ ಡಿಸೆಂಬರ್‌ಗೆ ಬರ್ತೀವಿ ಅಂದಿರೋ ನಮ್ ಬ್ಯಾಚಿನವ್ರಿಗೆ ಒಂದೇ ರಿಕ್ವೆಸ್ಟ್. ಅವಳು ಕೇಳಿದಾಗ "ಹೋಗೋದೇ ಇಲ್ಲ ಪುಟ್ಟಿ, ಇಲ್ಲೇ ಇರ್ತೀವಿ" ಅಂತ ಪ್ರೀತಿಗೂ ಸುಳ್ಳು ಹೇಳಬೇಡಿ. ತಾರೀಖು ಹೇಳಿ. ಮೂರೇ ದಿನ ಆದ್ರೂ ಪರವಾಗಿಲ್ಲ, ಬಣ್ಣದ ಪುಸ್ತಕದವರೆಗೆ ಬರ್ತೀರಿ.

ಮುಂದಿನ ಭಾಗ: ದಶೈಂ ವಾರದಲ್ಲಿ ಹದಿನಾಲ್ಕು ಬೆಡ್‌ಶೀಟ್, ಒಂದು ವಾಷಿಂಗ್ ಮಷೀನ್. ಮಕ್ಕಳ ಜೊತೆ ಮನೆಯಲ್ಲೇ ಅಂಗಡಿ, ಮೆಸ್, ಹೋಮ್‌ಸ್ಟೇ ನಡೆಸೋರು ಯಾರಾದ್ರೂ ಇದ್ರೆ ಕಾಮೆಂಟ್‌ನಲ್ಲಿ ಹೇಳಿ, ನಿಮ್ಮ ಮಕ್ಕಳಿಗೆ ಅಂತ ಯಾವ ಮೂಲೆ ಇಟ್ಟಿದ್ದೀರಾ?

#ಪೋಖರಾಡೈರಿ #ಸಾಗರದಿಂದಪೋಖರಾಗೆ