ಮೂಗುಬೊಟ್ಟಿನ ಜ್ವರ

ಮೂಗು ಚುಚ್ಚಿಸುವುದು ಒಂದು ಕ್ಷಣದ ಕೆಲಸ. ಚುಚ್ಚಿದ ಮೂಗನ್ನು ಸಾಕುವುದು ಆರು ತಿಂಗಳ ಸಂಸಾರ. ಈ ಎರಡನೆಯ ಮಾತನ್ನು ಚುಚ್ಚುವವರು ಹೇಳುವುದು ಅಪರೂಪ. ಚುಚ್ಚಿಸಿಕೊಂಡ ಹಿರಿಯರಿಗೆ ಅದು ಮರೆತುಹೋಗಿರುತ್ತದೆ.

ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯಲ್ಲಿ, ಅಕ್ಕನ ಮದುವೆಗೆಂದು ಮೂಗುಬೊಟ್ಟು ಇಡಿಸಿಕೊಂಡ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಮೊದಲ ವಾರ ಅವಳು ಕನ್ನಡಿಯ ಮುಂದಿನಿಂದ ಏಳುವುದೇ ಇಲ್ಲ. ಮೂರನೆಯ ವಾರ ಹೊಳ್ಳೆ ಕೆಂಪಾಗುತ್ತದೆ. ಹರಳಿನ ಪಕ್ಕದಲ್ಲಿ ರಾಗಿಕಾಳಿನಷ್ಟು ಗುಳ್ಳೆಯೊಂದು ತಲೆಯೆತ್ತುತ್ತದೆ. ಅಲ್ಲಿಂದ ಮುಂದೆ ಆ ಮೂಗು ಮನೆಮಂದಿಯ ಸೊತ್ತು. ಅಜ್ಜಿ ಹರಳೆಣ್ಣೆಯಲ್ಲಿ ಅರಿಸಿನ ಕಲಸಿ ತರುತ್ತಾರೆ. ದಿನಕ್ಕೆರಡು ಬಾರಿ ತಿರುಗಿಸದಿದ್ದರೆ ಬೊಟ್ಟು ಮಾಂಸಕ್ಕೆ ಕಚ್ಚಿಕೊಳ್ಳುತ್ತದೆಂದು ಸೋದರತ್ತೆ ತಿರುಗಿಸಿಯೇ ಬಿಡುತ್ತಾರೆ. ನೆರೆಯಾಕೆ ಬೊಟ್ಟು ತೆಗೆದು ಬೇವಿನ ಕಡ್ಡಿ ಇಡಲು ಹೇಳುತ್ತಾಳೆ. ಅಣ್ಣ ಪೇಟೆಯಿಂದ ಮುಲಾಮು ತರುತ್ತಾನೆ. ಹುಡುಗಿ ನೋವೆಂದರೆ ಉತ್ತರ ಸಿದ್ಧವಾಗಿದೆ: “ಹೆಣ್ಣಾದವಳು ಇಷ್ಟೂ ತಾಳದಿದ್ದರೆ ಹೇಗೆ?” ಆ ಬಳಿಕ ಅವಳು ನೋವನ್ನು ಹೇಳುವುದನ್ನೇ ಬಿಡುತ್ತಾಳೆ. ಅಪಾಯ ಆರಂಭವಾಗುವುದು ಅಲ್ಲಿಯೇ.

ಕಿವಿ ಚುಚ್ಚಿದಾಗ ಏನೂ ಆಗಲಿಲ್ಲವಲ್ಲ ಎಂಬುದು ಎಲ್ಲರ ವಾದ. ಕಿವಿಯ ಹಾಲೆ ಮೆದು ಮಾಂಸ. 6ರಿಂದ 8 ವಾರಗಳಲ್ಲಿ ಮಾಯುತ್ತದೆ. ಹೊಳ್ಳೆಯ ಗಾಯಕ್ಕೆ 4ರಿಂದ 6 ತಿಂಗಳು ಬೇಕು. ಕೆಲವರಿಗೆ ಇನ್ನೂ ಹೆಚ್ಚು. ರಂಧ್ರದ ಎರಡು ತುದಿಗಳಿಂದ ಎಳೆಯ ಚರ್ಮ ಒಳಮುಖವಾಗಿ ಬೆಳೆದು ಕೂಡಿಕೊಳ್ಳಬೇಕು. ಬೊಟ್ಟನ್ನು ತಿರುಗಿಸಿದಾಗಲೆಲ್ಲ ಅದು ಹರಿಯುತ್ತದೆ. ಎಣ್ಣೆ ಅರಿಸಿನಗಳ ಲೇಪ ಕೊಳೆಯನ್ನು ಹಿಡಿದಿಡುತ್ತದೆ. ಲೋಹದಲ್ಲಿ ನಿಕ್ಕಲ್ ಬೆರೆತಿದ್ದರೆ, ಒಗ್ಗದ ಮೈಗೆ ನವೆಯೂ ಸೇರುತ್ತದೆ. ಆ ಸಣ್ಣ ಗುಳ್ಳೆ ಅನೇಕ ವೇಳೆ ಇಂಥ ಕಿರುಕುಳದ ಫಲವೇ ಆಗಿದ್ದು, ಕಿರುಕುಳ ನಿಂತರೆ ತಾನೂ ಕರಗುತ್ತದೆ.

ಮಾಡಬೇಕಾದುದು ಅಲ್ಪ. ಕೈಯನ್ನು ಸೋಪಿನಿಂದ ತೊಳೆದು, ಕುದಿಸಿ ಆರಿಸಿದ 250 ಮಿಲಿಲೀಟರ್ ನೀರಿಗೆ ಕಾಲು ಟೀ ಚಮಚ ಅಯೋಡಿನ್ ಬೆರೆಸದ ಉಪ್ಪು ಹಾಕಿ, ಅದರಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ದಿನಕ್ಕೆರಡು ಬಾರಿ ಗಾಯಕ್ಕೆ ಒತ್ತಿಡುವುದು. ಉಳಿದ ಹೊತ್ತು ಮುಟ್ಟದಿರುವುದು. ಕೆಂಪು ಹರಡಿದರೆ, ಕೀವು ಒಸರಿದರೆ, ಮಿಡಿಯುವ ನೋವಾಗಲಿ ಜ್ವರವಾಗಲಿ ಬಂದರೆ ಅಂದೇ ವೈದ್ಯರ ಬಳಿಗೆ ಹೋಗಬೇಕು. ಮೂಗಿನ ರಕ್ತನಾಳಗಳಿಗೆ ತಲೆಯೊಳಗಿನ ನಾಳಗಳೊಡನೆ ಸಂಪರ್ಕವಿದೆ. ಅಲ್ಲಿನ ನಂಜನ್ನು ಉಪೇಕ್ಷಿಸಲಾಗದು. ಹೆದರಿ ಬೊಟ್ಟನ್ನು ಕಿತ್ತರೆ ರಂಧ್ರ ಮುಚ್ಚಿ ಕೀವು ಒಳಗೇ ನಿಲ್ಲಬಹುದು. ತೆಗೆಯುವ ತೀರ್ಮಾನ ವೈದ್ಯರದಾಗಲಿ.

ಮುಟ್ಟದಿರುವ ವಿದ್ಯೆ ಆ ಸೀಮೆಗೆ ಹೊಸತೇನಲ್ಲ. ಕನಕಪುರದ ಕಡೆ ರೇಷ್ಮೆ ಸಾಕುವ ಮನೆಗಳುಂಟು. ಗೂಡು ಕಟ್ಟುವ ಮೊದಲು ಹುಳು 4 ಬಾರಿ ಪೊರೆ ಬಿಡುತ್ತದೆ. ಬೆಳೆಗಾರರು ಅದನ್ನು ಜ್ವರವೆಂದು ಕರೆಯುತ್ತಾರೆ. ಜ್ವರಕ್ಕೆ ಕುಳಿತ ಹುಳುವಿಗೆ ಸೊಪ್ಪು ಹಾಕುವಂತಿಲ್ಲ, ಅದನ್ನು ಕದಲಿಸುವಂತಿಲ್ಲ. ಅಂದು ಅದೇ ಅಜ್ಜಿ ತಟ್ಟೆಯ ಬಳಿಗೆ ಮಕ್ಕಳನ್ನು ಬಿಡುವುದಿಲ್ಲ. ಹಳೆಯ ಚರ್ಮ ಕಳಚಿ ಹೊಸ ಚರ್ಮ ಬಲಿಯುವವರೆಗೆ ಮನೆಯೇ ಕಾಯುತ್ತದೆ.

ಹುಳುವಿಗೆ ಸಲ್ಲುವ ಈ ಮರ್ಯಾದೆ ಮೊಮ್ಮಗಳ ಮೂಗಿಗೂ ಸಲ್ಲಬಾರದೆ? ತಾಳ್ಮೆ ಬೇಕೆಂಬ ಅಜ್ಜಿಯ ಮಾತು ದಿಟವೇ. ಅದು ಮೊದಲು ಬೇಕಾದುದು ಹರಳೆಣ್ಣೆಯ ಬಟ್ಟಲು ಹಿಡಿದು ಬರುವ ಕೈಗೆ. ಹುಡುಗಿಯ ಪಾಲಿಗೆ ಉಳಿಯುವುದು ಒಂದೇ ಕೆಲಸ: ನೋವಾದರೆ ನೋವೆಂದು ಹೇಳುವುದು.