ಯೋಗಕ್ಷೇಮ

ಇಲ್ಲದುದನ್ನು ಪಡೆಯುವುದು ಯೋಗವೆಂದೂ, ಪಡೆದುದನ್ನು ಕೆಡದಂತೆ ಕಾಯುವುದು ಕ್ಷೇಮವೆಂದೂ ಹಿಂದಿನವರು ಅರ್ಥ ಹೇಳಿರುವರು. ಕಾಗದ ಬರೆಯುವಾಗ ಎರಡನ್ನೂ ಕೂಡಿಸಿ ‘ಯೋಗಕ್ಷೇಮ’ವನ್ನು ವಿಚಾರಿಸುವ ರೂಢಿಯುಂಟು, ಆದರೆ ಲೋಕವ್ಯವಹಾರದಲ್ಲಿ ಮೊದಲನೆಯದಕ್ಕಿರುವ ಆದರ ಎರಡನೆಯದಕ್ಕಿಲ್ಲ. ಹೊಸ ತಾಮ್ರದ ಹಂಡೆ ಮನೆಗೆ ಬಂದ ದಿನ ಅದಕ್ಕೆ ಅರಿಸಿನ ಕುಂಕುಮಗಳ ಪೂಜೆ ನಡೆಯುವುದು. ಹತ್ತು ವರ್ಷಗಳ ಮೇಲೆ ಅದಕ್ಕೆ ಹುಣಿಸೆಹಣ್ಣು ಹಚ್ಚಿ ತಿಕ್ಕುವ ಕೈ ಯಾರದೆಂದು ಕೇಳುವವರಿಲ್ಲ. ತಾಳೆಯೋಲೆಯ ಕಟ್ಟುಗಳನ್ನು ಸಂಪಾದಿಸಿದವರ ಹೆಸರು ನಿಲ್ಲುವುದು. ಅವುಗಳಿಗೆ ಎಣ್ಣೆ ಸವರಿ ಹುಳು ಬೀಳದಂತೆ ನೋಡಿಕೊಂಡವರ ಹೆಸರು ನಿಲ್ಲದು. ಈ ಮಾತು ಈ ಕಾಲದ ಮೋಟಾರುಗಾಡಿಗೂ ಸಲ್ಲುವುದೆಂಬುದು ಮುಧೋಳದ ಒಂದು ಮನೆಯಲ್ಲಿ ನಡೆದ ಸಂಗತಿಯಿಂದ ತಿಳಿಯಬರುವುದು.

ಇಲ್ಲಿ ಹೇಳುವ ಮುಧೋಳವು ಬೇಟೆನಾಯಿಗಳಿಗೆ ಹೆಸರಾದ ಬಾಗಲಕೋಟೆ ಜಿಲ್ಲೆಯ ಮುಧೋಳವಲ್ಲ. ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿಗೆ ಸೇರಿದ, ತೆಲಂಗಾಣದ ಗಡಿಗೆ ಸಮೀಪವಾದ ಊರು. ಮೇಲೆ ತೊಗರಿಯ ಹೊಲ, ನೆಲದಡಿಯಲ್ಲಿ ಸುಣ್ಣದ ಕಲ್ಲು, ಆ ಕಲ್ಲನ್ನು ನಂಬಿ ಸೇಡಂ, ಮಳಖೇಡ, ವಾಡಿಗಳಲ್ಲಿ ನಿಂತ ಸಿಮೆಂಟಿನ ಕಾರ್ಖಾನೆಗಳು. ಈ ಸೀಮೆಯ ಬಾಳುವೆ ಇವುಗಳಿಂದ ನಡೆದಿರುವುದು. ಅಂಥ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಫಿಟ್ಟರಾಗಿ ದುಡಿದು ನಿವೃತ್ತರಾದ ಗೃಹಸ್ಥರೊಬ್ಬರನ್ನು ಊರವರೆಲ್ಲ ‘ಮಿಸ್ತ್ರಿಯವರು’ ಎಂದೇ ಕರೆಯುವರು. ಪರರ ಯಂತ್ರಗಳಿಗೆ ಗ್ರೀಸು ಹಚ್ಚುವುದರಲ್ಲಿಯೇ ಅವರ ಆಯುಷ್ಯದ ಬಹುಭಾಗ ಕಳೆಯಿತು. ತಮ್ಮದೆಂಬ ವಾಹನ ಅವರಿಗೆ ಮೊದಲು ಒಂದು ಸೈಕಲ್ಲು, ಆಮೇಲೆ ಒಂದು ಮೊಪೆಡ್ಡು.

ನಿವೃತ್ತಿಯಿಂದ ಬಂದ ಹಣದಲ್ಲಿ ಮಗಳ ಮದುವೆಯ ಸಾಲ ತೀರಿ, ವೃದ್ಧಾಪ್ಯಕ್ಕೆಂದು ಅಂಚೆಕಚೇರಿಯಲ್ಲಿ ಒಂದು ಮೊತ್ತ ಸೇರಿ, ಕೈಯಲ್ಲಿ ಆರು ಲಕ್ಷ ರೂಪಾಯಿ ಉಳಿದಿತ್ತು. ಅದರಿಂದ ಒಂದು ಹಳೆಯ ಕಾರನ್ನು ಕೊಳ್ಳಬೇಕೆಂದು ಅವರು ಒಂದು ರಾತ್ರಿ ಊಟದ ಹೊತ್ತಿಗೆ ಹೇಳಿದರು. ಸಂತೆಗೂ ಜಾತ್ರೆಗೂ ಹೋಗಿಬರುವ ಕಾರಾಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರಿಗೆ ಬೇಕಾದುದು ವೇಗಕ್ಕೆ ಹೆಸರಾದ, ಈಗ ತಯಾರಾಗದ, ಮುಂದಿನವರು ನೋಡಲೆಂದು ಕಾಪಾಡಿ ಇಡತಕ್ಕ ಕಾರು. ಅವರ ಪತ್ನಿ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟು, “ಮಾಳಿಗಿ ಸೋರಾಕ ಹತ್ತಿ ಮೂರು ಮಳಿಗಾಲ ಆತು. ಮನಿ ಮ್ಯಾಲಿನ ಮಣ್ಣು ನೋಡೋದು ಬಿಟ್ಟು ಗಾಡಿ ಮ್ಯಾಲಿನ ಬಣ್ಣ ನೋಡ್ತೀರೇನ್ರಿ?” ಎಂದರು. ಈ ಪ್ರಶ್ನೆಗೆ ಆ ರಾತ್ರಿ ಉತ್ತರ ದೊರೆಯಲಿಲ್ಲ. ಮುಂದೆ ಕೆಲವು ತಿಂಗಳು ಆ ಮನೆಯ ಮಾತುಕತೆಯೆಲ್ಲ ಇದರ ಸುತ್ತಲೇ ತಿರುಗಿತು.

ಮಿಸ್ತ್ರಿಯವರ ಬಯಕೆಗೆ ಮೂಲವೊಂದಿದ್ದಿತು. ೨೦೦೨ರ ಸುಮಾರಿಗೆ ಕಾರ್ಖಾನೆಯ ಅಧಿಕಾರಿಯೊಬ್ಬರು ಹೊಂಡಾ ಸಿಟಿ ೧.೫ ವಿಟೆಕ್ ಎಂಬ ಕಾರನ್ನು ಇಟ್ಟಿದ್ದರು. ಹೊಂಡಾದವರು ೧೯೯೮ರಲ್ಲಿ ಭಾರತದಲ್ಲಿ ಸಿಟಿಯನ್ನು ಮಾರಲಾರಂಭಿಸಿ, ೨೦೦೦ರಲ್ಲಿ ಅದಕ್ಕೆ ಈ ಹೊಸ ಇಂಜಿನನ್ನು ಕೂಡಿಸಿದರು. ಒಂದೂವರೆ ಲೀಟರಿನ ಆ ಯಂತ್ರದಿಂದ ೧೦೬ ಅಶ್ವಶಕ್ತಿ ಹೊರಡುತ್ತಿತ್ತು. ಆ ಕಾಲದ ಮನೆವಾರ್ತೆಯ ಕಾರುಗಳಲ್ಲಿ ಇದು ದೊಡ್ಡ ಸಂಖ್ಯೆ. ಇಂಜಿನ್ನು ನಿಧಾನವಾಗಿ ತಿರುಗುವಾಗ ಅದರ ವಾಲ್ವುಗಳು ಅಲ್ಪವೇ ತೆರೆಯುವುವು. ತಿರುಗುವ ವೇಗ ಒಂದು ಮಿತಿಯನ್ನು ಮೀರಿದೊಡನೆ ಎಣ್ಣೆಯ ಒತ್ತಡದಿಂದ ಒಂದು ಸಣ್ಣ ಕೀಲು ಸೇರಿಕೊಂಡು, ಅವು ಹೆಚ್ಚು ಎತ್ತರಕ್ಕೆ, ಹೆಚ್ಚು ಹೊತ್ತು ತೆರೆಯುವುವು. ಆಗ ಯಂತ್ರದ ಸ್ವರವೇ ಬದಲಾಗುವುದು. ಒಮ್ಮೆ ಆ ಅಧಿಕಾರಿಗಳು, ರಾತ್ರಿಪಾಳಿ ಮುಗಿಸಿ ಬಸ್ಸು ತಪ್ಪಿಸಿಕೊಂಡಿದ್ದ ಮಿಸ್ತ್ರಿಯವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮುಧೋಳದವರೆಗೆ ಬಿಟ್ಟುಹೋದರು. ಆ ಸ್ವರ ಅವರ ಕಿವಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಉಳಿದಿತ್ತು.

ಹೈದರಾಬಾದಿನಲ್ಲಿ ಉದ್ಯೋಗದಲ್ಲಿರುವ ಮಗನಿಗೆ ತಂದೆಯ ಬಯಕೆ ಹಿಡಿಸಿತು. ಕಾರಣ ಮಾತ್ರ ಹಿಡಿಸಲಿಲ್ಲ. ಅವನು ಲೆಕ್ಕದವನು. “ಅಪ್ಪಾ, ಹಾಕಿದ ರೊಕ್ಕ ಬೆಳೀಬೇಕು. ಸಿಟಿ ಅಂದ್ರ ಓಣಿ ಓಣಿಗೆ ಓಡಿದ ಗಾಡಿ. ನಾಳೆ ಅದಕ್ಕ ಯಾರು ರೊಕ್ಕ ಕೊಡ್ತಾರ?” ಎಂಬುದು ಅವನ ವಾದ. ಅವನು ಮೂರು ಹೆಸರುಗಳನ್ನು ಮುಂದಿಟ್ಟನು. ಮೊದಲನೆಯದು, ೨೦೧೬ರಲ್ಲಿ ೯೯ ಕಾರುಗಳನ್ನಷ್ಟೇ ಹೊರದೇಶದಿಂದ ತರಿಸುವುದಾಗಿ ಸಾರಿ ಮಾರಾಟಕ್ಕಿಟ್ಟ ಫೋಕ್ಸ್‌ವ್ಯಾಗನ್ ಪೋಲೋ ಜಿಟಿಐ. ೧೯೨ ಅಶ್ವಶಕ್ತಿಯ ಸಣ್ಣ ಕಾರು, ಆಗಲೇ ಅದರ ಬೆಲೆ ೨೫ ಲಕ್ಷವನ್ನು ಮೀರಿತ್ತು. ಎರಡನೆಯದು, ೨೦೧೫ರಲ್ಲಿ ಬಂದ ಫಿಯೆಟ್ಟಿನವರ ಅಬಾರ್ತ್ ಪುಂಟೋ, ೧೪೫ ಅಶ್ವಶಕ್ತಿಯದು. ಮೂರನೆಯದು, ೨೦೦೪ರ ಸುಮಾರಿಗೆ ಮಾರಾಟಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಇಂಜಿನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಎಂಬ ಸಾಧನದಿಂದ ಅದಕ್ಕೆ ೧೫೦ ಅಶ್ವಶಕ್ತಿ. ಮೊದಲನೆಯದು ಹಣಕ್ಕೆ ಎಟುಕಲಿಲ್ಲ. ಫಿಯೆಟ್ ಹೆಸರಿನ ಕಾರುಗಳ ಮಾರಾಟವೇ ಈ ದೇಶದಲ್ಲಿ ನಿಂತುಹೋಗಿರುವುದರಿಂದ, ಎರಡನೆಯದರ ಬಿಡಿಭಾಗಗಳಿಗಾಗಿ ಊರೂರು ಅಲೆಯಬೇಕಾದೀತೆಂದು ಮಿಸ್ತ್ರಿಯವರು ಹಿಂಜರಿದರು. ಮೂರನೆಯದು ಉಳಿಯಿತು.

ವಿರಳವಾದುದಕ್ಕೆ ಬೆಲೆಯುಂಟೆಂಬ ಮಗನ ಮಾತು ಸುಳ್ಳಲ್ಲ. ಆದರೆ ವಿರಳವಾದುದರ ಬಿಡಿಭಾಗವೂ ವಿರಳ, ಅದನ್ನು ಬಲ್ಲ ಕೈಯೂ ವಿರಳ. ಮೇಲಾಗಿ ಕಾನೂನಿನ ಕಣ್ಣು ಬೇರೊಂದು ಗುಣವನ್ನು ನೋಡುವುದು. ಭಾರತ ಸರಕಾರದವರು ೨೦೨೧ರಲ್ಲಿ ಮಾಡಿದ ನಿಯಮದಂತೆ, ಮೊದಲ ನೋಂದಣಿಯಿಂದ ೫೦ ವರ್ಷ ಮೀರಿದ, ಮೂಲರೂಪದಲ್ಲಿಯೇ ಇರುವ, ಚಾಸಿಯಲ್ಲಾಗಲಿ ಒಡಲಿನಲ್ಲಾಗಲಿ ಇಂಜಿನಿನಲ್ಲಾಗಲಿ ದೊಡ್ಡ ಮಾರ್ಪಾಟಾಗದ ವಾಹನಕ್ಕೆ ಮಾತ್ರ ವಿಂಟೇಜ್ ಎಂಬ ಮನ್ನಣೆ ದೊರೆಯುವುದು. ೨೦೦೨ರ ಕಾರಿಗೆ ಆ ಯೋಗ್ಯತೆ ಬರುವುದು ೨೦೫೨ರ ಬಳಿಕ. ಆಗ ಮಿಸ್ತ್ರಿಯವರಿಗೆ ಎಂಬತ್ತೇಳು ವರ್ಷವಾಗಬೇಕು. ಅಲ್ಲಿಯವರೆಗೆ ಅದು ಎಲ್ಲ ಹಳೆಯ ಕಾರುಗಳಂತೆಯೇ ಒಂದು ಹಳೆಯ ಕಾರು: ೧೫ ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕು, ೨೦ ವರ್ಷ ಮೀರಿದ ಕಾರಿಗೆ ಆ ಶುಲ್ಕವನ್ನು ೨೦೨೫ರಲ್ಲಿ ೧೦,೦೦೦ ರೂಪಾಯಿಗೆ ಏರಿಸಿರುವರು. ಹೀಗಿರಲು ಲಾಭ ಬಂದರೂ ಅದು ಮಿಸ್ತ್ರಿಯವರ ಕೈಗೆ ಬರುವುದು ಸಂಶಯ. ಖರ್ಚು ಮಾತ್ರ ನಿಶ್ಚಯವಾಗಿ ಅವರದೇ.

ಒಂದು ಭಾನುವಾರ ಮಿಸ್ತ್ರಿಯವರು ಸೇಡಮಿನಲ್ಲಿ ರೈಲು ಹತ್ತಿ ತಾಂಡೂರಿನ ಮಾರ್ಗವಾಗಿ ಹೈದರಾಬಾದನ್ನು ಸೇರಿದರು. ದಲ್ಲಾಳಿಯು ಸಂಜೆಗೆ ಬರಹೇಳಿದ್ದನು. ನಡುವಣ ಹೊತ್ತಿನಲ್ಲಿ ಮಗನು ಅವರನ್ನು ಚೌಮಹಲ್ಲಾ ಅರಮನೆಗೆ ಕರೆದೊಯ್ದನು. ೧೯೪೮ರವರೆಗೆ ಸೇಡಂ ಸೀಮೆಯನ್ನೂ ಆಳಿದ ನಿಜಾಮರ ಮೋಟಾರುಗಳು ಅಲ್ಲಿವೆ. ೧೯೧೨ರ ಹಳದಿಯ ರೋಲ್ಸ್ ರಾಯ್ಸ್ ಅವುಗಳಲ್ಲೊಂದು. ಅದನ್ನು ಬಯಸಿ ಬರಹೇಳಿದ ಆರನೆಯ ನಿಜಾಮರು ಕಾರು ಬರುವ ಮೊದಲೇ, ೧೯೧೧ರಲ್ಲಿ, ತೀರಿಕೊಂಡರು. ಹಿಂಬದಿಯಲ್ಲಿ ಸಿಂಹಾಸನದಂತೆ ಎತ್ತರಿಸಿದ ಪೀಠವುಳ್ಳ ಆ ಕಾರು ಓಡಿದುದು ಬಲು ಕಡಮೆ. ಓಡದಿದ್ದುದರಿಂದಲೇ ಅದಕ್ಕೆ ಇಷ್ಟು ಬೆಲೆಯೆಂದು ಮಗನು ಹೇಳಿದನು. ಮಿಸ್ತ್ರಿಯವರು ಬಗ್ಗಿ ಅದರ ಗಾಲಿಗಳನ್ನು ನೋಡುತ್ತ, “ಇದನ್ನ ನೋಡ್ಕೊಳ್ಳಾಕ ಅರಮನಿ ಐತಿ, ಆಳು ಅದಾರ. ನಮ್ಮನಿಯಾಗ ನಾ ಒಬ್ಬನ ಆಳು” ಎಂದರು.

ಸಂಜೆ ಕಂಡ ಆಕ್ಟೇವಿಯಾ ಕನ್ನಡಿಯಂತೆ ಹೊಳೆಯುತ್ತಿತ್ತು. ಮೀಟರು ೬೧,೦೦೦ ಕಿಲೋಮೀಟರೆಂದು ತೋರಿಸುತ್ತಿತ್ತು. ಆದರೆ ಕ್ಲಚ್ಚಿನ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣಬಂದಿತ್ತು. ಬಾಗಿಲಿನ ಅಂಚಿನ ರಬ್ಬರನ್ನು ಎತ್ತಿದರೆ ಒಳಗೆ ಬೇರೆ ಬಣ್ಣದ ಗೆರೆ. ಒಂದು ಪಕ್ಕಕ್ಕೆ ಪೆಟ್ಟು ಬಿದ್ದು ಮರಳಿ ಬಣ್ಣ ಹೊಡೆಸಿದ್ದರು. ಮುಚ್ಚಳ ಮುಟ್ಟಿದರೆ ಇಂಜಿನ್ನು ಆಗಲೇ ಬೆಚ್ಚಗಿತ್ತು. ಗಿರಾಕಿ ಬರುವ ಮುಂಚೆ ಕಾಯಿಸಿಟ್ಟ ಇಂಜಿನ್ನು, ತಣ್ಣಗಿರುವಾಗಿನ ಹೊಗೆಯನ್ನೂ ಸದ್ದನ್ನೂ ಮರೆಸುವುದೆಂಬುದು ಫಿಟ್ಟರಿಗೆ ತಿಳಿಯದ ಸಂಗತಿಯಲ್ಲ. ಸರ್ವಿಸಿನ ಚೀಟಿಗಳನ್ನು ಕೇಳಲು ದಲ್ಲಾಳಿಯು, ಚೀಟಿಗಳೇಕೆ, ಗಾಡಿಯನ್ನೇ ನೋಡಿರೆಂದು ನಕ್ಕನು. ಮಿಸ್ತ್ರಿಯವರು ಕೈ ಒರಸಿಕೊಂಡು ಹೊರಗೆ ಬಂದರು. ಆಗ ಮಗನು ತಲೆ ತಗ್ಗಿಸಿ, ಕಾರು ಬೇರೆಯವರ ಪಾಲಾದೀತೆಂಬ ಅವಸರದಲ್ಲಿ ತಂದೆ ಕೊಟ್ಟಿದ್ದ ಹಣದಿಂದ ಇಪ್ಪತ್ತೈದು ಸಾವಿರ ಮುಂಗಡ ಕೊಟ್ಟಿರುವುದಾಗಿ ಹೇಳಿದನು. ಅದು ಮರಳಿ ಬರುವ ಹಾಗಿರಲಿಲ್ಲ. ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಹೋದದ್ದು ಹೋತು. ಅದರ ಹಿಂದ ಉಳಿದದ್ದನ್ನೂ ಕಳಸೂದು ಬ್ಯಾಡ. ನಿಮ್ಮವ್ವಗ ನೀನ ಹೇಳು” ಎಂದಷ್ಟೇ ನುಡಿದರು.

ಎರಡು ತಿಂಗಳ ಬಳಿಕ ಹೈದರಾಬಾದಿನಲ್ಲಿಯೇ ೨೦೦೨ರ ಸಿಟಿ ವಿಟೆಕ್ ಒಂದು ಕಣ್ಣಿಗೆ ಬಿದ್ದಿತು. ಮೊದಲಿನಿಂದಲೂ ಒಬ್ಬರೇ ಮಾಲಿಕರು, ನಿವೃತ್ತ ಅಧ್ಯಾಪಕರು. ಕಣ್ಣು ಮಂದವಾದುದರಿಂದ ಮಾರಹೊರಟಿದ್ದರು. ಮೀಟರಿನಲ್ಲಿ ೧,೩೮,೦೦೦ ಕಿಲೋಮೀಟರು. ಎಡಬಾಗಿಲಿನಲ್ಲಿ ತಗ್ಗು, ಇಂಜಿನಿನ ಮೇಲ್ಮುಚ್ಚಳದಲ್ಲಿ ಎಣ್ಣೆಯ ಜಿನುಗು, ಏಸಿ ಸತ್ತಿತ್ತು. ಇವೆಲ್ಲವನ್ನೂ ಅಧ್ಯಾಪಕರೇ ಬೆರಳು ಮಾಡಿ ತೋರಿಸಿದರು. ಮೊದಲ ದಿನದಿಂದ ಮಾಡಿಸಿದ ಪ್ರತಿಯೊಂದು ಕೆಲಸದ ಚೀಟಿಯೂ ತಾರೀಖಿನ ಕ್ರಮದಲ್ಲಿ ಒಂದು ಕಡತದಲ್ಲಿದ್ದಿತು. ಚಾಸಿಯ ಸಂಖ್ಯೆ ಆರ್‌ಸಿಯೊಡನೆ ಕೂಡಿಬಂದಿತು. ಬಣ್ಣ ಮಾಸಿದ್ದರೂ ಕಾರ್ಖಾನೆಯಲ್ಲಿ ಹೊಡೆದುದೇ ಆಗಿತ್ತು. ತಣ್ಣಗಿದ್ದ ಇಂಜಿನ್ನು ಮೊದಲ ತಿರುವಿಗೇ ಎದ್ದಿತು. ಹೊರಗಿನ ರಸ್ತೆಯಲ್ಲಿ ಆ ಹಳೆಯ ಸ್ವರವೂ ಕೇಳಿಬಂದಿತು. ಬೆಲೆ ೨,೪೦,೦೦೦. ಮಗನು ತಗ್ಗನ್ನು ನೋಡಿ ಮುಖ ಕಿವಿಚಿದನು. ಮಿಸ್ತ್ರಿಯವರು ಅವನ ಕೈಗೆ ಕಡತವನ್ನು ಕೊಟ್ಟು, “ಇದು ತನ್ನ ವಯಸ್ಸು ಮುಚ್ಚಿಟ್ಟಿಲ್ಲಪಾ” ಎಂದರು.

ಮನೆಯಲ್ಲಿ ಲೆಕ್ಕ ಕುಳಿತಿತು. ಮುಂಗಡದಲ್ಲಿ ಹೋದುದು ಇಪ್ಪತ್ತೈದು ಸಾವಿರ, ಕಾರಿಗೆ ಎರಡು ಲಕ್ಷ ನಾಲ್ವತ್ತು ಸಾವಿರ, ಅದರ ದುರಸ್ತಿಗೂ ಕಾಗದಪತ್ರಗಳಿಗೂ ಅರವತ್ತು ಸಾವಿರ; ಉಳಿದುದು ಎರಡು ಲಕ್ಷ ಎಪ್ಪತ್ತೈದು ಸಾವಿರ. ಮಗನ ಅಪರಾಧವನ್ನು ಕೇಳಿದ ತಾಯಿ ಅವನನ್ನು ಬೈಯಲಿಲ್ಲ, ಗಂಡನ ಕಡೆಗೆ ತಿರುಗಿ ಒಂದೇ ಮಾತು ಹೇಳಿದರು: “ಮೊದಲ ಮಾಳಿಗಿ ಆಗಲಿ. ಆಮ್ಯಾಲ ಗಾಡಿ ಬರಲಿ.” ಆರು ವಾರ ಕಾಯಬೇಕಾಗಿ ಬಂದಿತು. ಈ ನಡುವೆ ಬೇರೊಬ್ಬ ಗಿರಾಕಿ ಹತ್ತು ಸಾವಿರ ಹೆಚ್ಚು ಕೊಡುವೆನೆಂದು ಹೋಗಿದ್ದನಂತೆ. ಅಧ್ಯಾಪಕರು ಆಡಿದ ಮಾತಿಗೆ ತಪ್ಪಲಿಲ್ಲ. ಮಾಳಿಗೆಯ ಹಳೆಯ ಮಣ್ಣು ಇಳಿದು ಗಚ್ಚು ಬಿದ್ದ ಮೇಲೆಯೇ ಕಾರು ಮುಧೋಳಕ್ಕೆ ಬಂದಿತು.

ಕ್ಷೇಮದ ಕೆಲಸ ಅಂದಿನಿಂದ ಮೊದಲಾಯಿತು. ತೆಲಂಗಾಣವು ೨೦೧೪ರಲ್ಲಿ ಬೇರೆಯಾಗುವ ಮೊದಲು ನೋಂದಣಿಯಾದ ಆ ಕಾರಿಗೆ ‘ಎಪಿ’ ಎಂಬ ಅಕ್ಷರಗಳಿದ್ದುವು. ಹೊರರಾಜ್ಯದ ವಾಹನವನ್ನು ೧೨ ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವವರು ಹೊಸ ನೋಂದಣಿ ಸಂಖ್ಯೆಯನ್ನು ಪಡೆಯಬೇಕಾದುದರಿಂದ, ಅಲ್ಲಿಯ ಕಚೇರಿಯ ನಿರಾಕ್ಷೇಪಣಾ ಪತ್ರವನ್ನು ತಂದು ಇಲ್ಲಿ ತೆರಿಗೆಯನ್ನು ಕಟ್ಟಬೇಕಾಯಿತು. ಟೈಮಿಂಗ್ ಬೆಲ್ಟನ್ನು ಮೊದಲು ಬದಲಿಸಿದರು. ಅದು ಓಡಿದರೆ ಸವೆಯುವಂತೆ, ನಿಂತರೆ ವಯಸ್ಸಿನಿಂದಲೂ ಕೆಡುವುದು. ೨೦೨೫ರಿಂದೀಚೆಗೆ ಪೆಟ್ರೋಲಿನಲ್ಲಿ ಶೇಕಡ ೨೦ ಎಥನಾಲ್ ಬೆರೆತು ಬರುತ್ತಿರುವುದರಿಂದ, ಅದನ್ನು ತಾಳುವ ಹೊಸ ರಬ್ಬರ್ ಕೊಳವೆಗಳನ್ನು ಹಾಕಿದರು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕೆಂದು ಗೋಡೆಯ ಮೇಲೆ ಬರೆದಿಟ್ಟರು. ಶಹಾಬಾದಿನ ಫರ್ಸಿ ಹಾಸಿದ ಕೊಟ್ಟಿಗೆಯಲ್ಲಿ ಕಾರು ನಿಂತಿತು. ಸಿಮೆಂಟಿನ ಧೂಳು ಕುಳಿತ ಮೈಯನ್ನು ಒಣಬಟ್ಟೆಯಿಂದ ಉಜ್ಜಿದರೆ ಬಣ್ಣಕ್ಕೆ ಗೀರು ಬೀಳುವುದು. ಇಬ್ಬನಿ ತಗಲಿದರೆ ಅದು ಗಟ್ಟಿಯಾಗಿ ಹಿಡಿಯುವುದು. ಆದುದರಿಂದ ಮೊದಲು ನೀರು ಸುರಿದು ಆಮೇಲೆ ಒರಸುವರು. ತೊಗರಿಯ ರಾಶಿಯ ಕಾಲದಲ್ಲಿ ಇಲಿಗಳು ವಾಯರುಗಳನ್ನು ಕಡಿಯದಂತೆ ದಿನವೂ ಮುಚ್ಚಳ ಎತ್ತಿ ನೋಡುವರು.

ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಗಂಡಹೆಂಡಿರು ಅದರಲ್ಲಿ ಕುಳಿತು ಮಳಖೇಡದವರೆಗೆ ಹ��ಗಿಬರುವರು. ಕಾರು ಓಡಿದರೆ ಬ್ಯಾಟರಿ ಸಾಯದು, ಗಾಲಿ ಒಂದೇ ಕಡೆ ಚಪ್ಪಟೆಯಾಗದು, ಇಂಜಿನಿನ ಒಳಗಿನ ತೇವ ಆರುವುದು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಆ ಊರಿನಲ್ಲಿ ಕಾಗಿಣಾ ನದಿಯ ದಂಡೆಯ ಮುರುಕು ಕೋಟೆಯ ಬಳಿ ಸ್ವಲ್ಪ ಹೊತ್ತು ನಿಂತು, ಬುತ್ತಿ ಬಿಚ್ಚಿ ತಿಂದು, ಹಿಂದಿರುಗುವರು. ಬರುವಾಗ ರಸ್ತೆ ತೆರವಾಗಿದ್ದರೆ, ಪತ್ನಿಯೇ ಒಮ್ಮೊಮ್ಮೆ, “ಅದರ ದನಿ ಒಮ್ಮಿ ಕೇಳಸ್ರಿ” ಎನ್ನುವುದುಂಟು.

ಕಳೆದ ದೀಪಾವಳಿಗೆ ಬಂದ ಮಗನು, ಈಗ ಇದರ ಬೆಲೆ ಎಷ್ಟಾಗಿರಬಹುದೆಂದು ಕೇಳಿದನು. ಮಿಸ್ತ್ರಿಯವರು ಉತ್ತರ ಕೊಡದೆ ಅಧ್ಯಾಪಕರ ಕಡತವನ್ನು ತಂದು ಮುಂದಿಟ್ಟರು. ಅದರ ಕೊನೆಗೆ ಹೊಸ ಹಾಳೆಗಳನ್ನು ಹೊಲಿದು, ಬದಲಿಸಿದ ಬೆಲ್ಟು, ಕೊಳವೆ, ಎಣ್ಣೆಗಳ ತಾರೀಖನ್ನೂ ಕಿಲೋಮೀಟರನ್ನೂ ತಮ್ಮ ದಪ್ಪ ಅಕ್ಷರಗಳಲ್ಲಿ ಬರೆದಿದ್ದರು. ಅದರ ಮುಂದೆ ಖಾಲಿ ಹಾಳೆಗಳು ಬೇಕಾದಷ್ಟಿದ್ದುವು. ಮಗನು ಅವನ್ನು ಒಂದೊಂದಾಗಿ ತಿರುವಿ ನೋಡಿದನು. ಮರುದಿನ ಬೆಳಗ್ಗೆ ಕೊಟ್ಟಿಗೆಗೆ ಹೋಗಿ, ಬಕೆಟ್ಟಿನಲ್ಲಿ ನೀರು ತುಂಬಿಕೊಂಡು, ಮೊದಲು ಸುರಿಯಬೇಕೋ ಒರಸಬೇಕೋ ಎಂದು ತಂದೆಯನ್ನು ಕೇಳಿದನು.